ಹನ್ನೊಂದು ದಿನದ ನೀರು

ಹುಸೇನಮ್ಮ ಯಾರ ಮನೆಗೆ ಹೋದರೂ ಮೊದಲು ನೀರಿನ ತೊಟ್ಟಿಯೊಳಗೆ ಇಣುಕಿ, ಆಮೇಲೆ ಮನೆಯವರ ಮುಖ ನೋಡುತ್ತಿದ್ದಳು. ಮಗ ನರೇಶನಿಗೆ ಹೆಣ್ಣು ನೋಡಲು ದೇವನಕೊಂಡಕ್ಕೆ ಹೋದಾಗಲೂ ಅಷ್ಟೇ. ಹುಡುಗಿಯನ್ನು ನೋಡುವುದಕ್ಕೆ ಮೊದಲೇ ಹಿತ್ತಲಿಗೆ ಹೋಗಿ ನೀಲಿ ಡ್ರಮ್ಮಿನ ಮುಚ್ಚಳ ಎತ್ತಿ, ಒಳಗೆ ಕುಣಿಯುತ್ತಿದ್ದ ಹುಳ ತೋರಿಸಿ, ಬೀಗಿತ್ತಿಯಾಗಬೇಕಾದವಳಿಗೆ ಅಲ್ಲೇ ಪಾಠ ಹೇಳಿದ್ದಳು. ಗಂಡ ಲಾಲಪ್ಪ ನಾಚಿ ತಲೆ ತಗ್ಗಿಸಿಕೊಂಡು ಕೂತಿದ್ದ. ಆದರೂ ಸಂಬಂಧ ಕೂಡಿಬಂತು. ಶಿವಲಕ್ಷ್ಮಿ ಸೊಸೆಯಾಗಿ ಬಂದಳು, ಎರಡನೇ ವರ್ಷ ಮೌನಿಕಾ ಹುಟ್ಟಿದಳು.

ಕರ್ನೂಲು ಸೀಮೆಯ ಪೆದ್ದಕಡುಬೂರಿನ ಆಚೆ, ಕಪ್ಪು ಎರೆ ಹೊಲಗಳ ನಡುವಿನ ಆ ಸಣ್ಣ ಊರಿನಲ್ಲಿ ಹುಸೇನಮ್ಮ ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಮೊಹರಮ್ಮಿನ ಪೀರಲ ದೇವರಿಗೆ ಹರಕೆ ಹೊತ್ತು ಹೆತ್ತದ್ದಕ್ಕೆ ತಾಯಿ ಇಟ್ಟ ಹೆಸರು ಹುಸೇನಮ್ಮ. ಊರು ಇಟ್ಟ ಹೆಸರು ಸೊಳ್ಳಿ ಹುಸೇನವ್ವ. ಸರ್ಕಾರ ಅವಳಿಗೆ ಸೀರೆ ಕೊಟ್ಟಿತ್ತು, ಚೀಲ ಕೊಟ್ಟಿತ್ತು, ಫೋಟೋ ಕಳಿಸಲು ಫೋನು ಕೊಟ್ಟಿತ್ತು. ಕೈಯಲ್ಲಿದ್ದ, ತೊಟ್ಟಿ ತಿಕ್ಕುವ ತೆಂಗಿನ ನಾರಿನ ಉಂಡೆ ಮಾತ್ರ ಅವಳ ಸ್ವಂತದ್ದು.

ಆ ಕಡೆಯ ನೆಲವನ್ನು ನೋಡಿದವರಿಗೆ ಅಲ್ಲಿ ಸೊಳ್ಳೆಯ ರೋಗ ಎಂದರೆ ನಂಬಿಕೆ ಬರುವುದಿಲ್ಲ. ಬೇಸಿಗೆಯಲ್ಲಿ ಎರೆ ಬಿರಿದು ಕಾಲು ಇಳಿಯುವಷ್ಟು ಸೀಳು ಬಿಡುತ್ತದೆ. ಬೋರು ಹೊಡೆಸಿದರೆ ಉಪ್ಪು ನೀರು, ಬಟ್ಟೆ ಒಗೆಯುವುದಕ್ಕೂ ಸಾಲದು. ಕುಡಿಯುವ ನೀರೆಲ್ಲ ತುಂಗಭದ್ರೆಯ ಕಾಲುವೆಯಿಂದ ದೊಡ್ಡ ಕೆರೆಗೆ ಬಿದ್ದು, ಅಲ್ಲಿಂದ ಪೈಪಿನಲ್ಲಿ ಊರೂರಿಗೆ ಸರದಿಯ ಮೇಲೆ ಬರುತ್ತದೆ. ಹುಸೇನಮ್ಮನ ಊರಿನ ಸರದಿ ಎಂಟು ದಿನಕ್ಕೊಮ್ಮೆ, ಪೈಪು ಒಡೆದರೆ ಹತ್ತು. ನಲ್ಲಿ ಒಂದು ತಾಸು ಸುರಿಯುತ್ತದೆ. ಆ ತಾಸಿನಲ್ಲಿ ತೊಟ್ಟಿ, ಡ್ರಮ್ಮು, ಕೊಡ, ಗಡಿಗೆ, ಹಳೇ ಬಣ್ಣದ ಡಬ್ಬಿ, ಕೂಸಿನ ಸ್ನಾನದ ಬಕೇಟು, ತುಂಬಬಹುದಾದ್ದನ್ನೆಲ್ಲ ತುಂಬಿ ಒಳಗೆ ನೆರಳಿನಲ್ಲಿ ಇಟ್ಟುಕೊಳ್ಳಬೇಕು. ಡೆಂಗಿಯ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತವರುಮನೆ ಬೇಕೆ? ಮೊಟ್ಟೆ ಒಡೆದು ಹುಳವಾಗಿ, ಹುಳಕ್ಕೆ ರೆಕ್ಕೆ ಬರುವುದಕ್ಕೂ ಎಂಟೇ ದಿನ. ನಲ್ಲಿಯ ಸರದಿ, ಸೊಳ್ಳೆಯ ಸರದಿ ಎರಡನ್ನೂ ಒಬ್ಬನೇ ಕೂತು ಬರೆದಂತಿತ್ತು. ಟ್ರೈನಿಂಗಿನಲ್ಲಿ ಕೊಟ್ಟ ಪೋಸ್ಟರಿನಲ್ಲಿ ಗದ್ದೆಯಿತ್ತು, ತುಂಬಿದ ಚರಂಡಿಯಿತ್ತು, ಕೊಡೆ ಹಿಡಿದ ಮನುಷ್ಯನಿದ್ದ. ಹುಸೇನಮ್ಮ ಅದನ್ನು ಮಡಚಿ ಅಕ್ಕಿ ಡಬ್ಬಿಯ ತಳಕ್ಕೆ ಹಾಸಿದ್ದಳು.

ನಾಲ್ಕು ವರ್ಷದ ಹಿಂದೆ ಅದೇ ಬೀದಿಯ ಯರ್ರೆಪ್ಪನ ಮಗಳು ಶಿರೀಷಾ, ಒಂಬತ್ತು ವರ್ಷದವಳು, ಈ ಜ್ವರದಲ್ಲೇ ಹೋದಳು. ಆ ಮನೆಯ ತೊಟ್ಟಿಯನ್ನು ಹುಸೇನಮ್ಮ ಆ ವಾರ ನೋಡಿರಲಿಲ್ಲ. ಬಿಸಿಲು ಎಂದು ಮರುದಿನಕ್ಕೆ ಬಿಟ್ಟಿದ್ದಳು. ಯರ್ರೆಪ್ಪ ಅವಳನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಅವಳನ್ನು ಹೆಚ್ಚು ಕೊರೆಯಿತು. ತಾನು ಈ ಕೆಲಸದಲ್ಲಿರುವ ತನಕ ಈ ಊರಿನಲ್ಲಿ ಇನ್ನೊಂದು ಕೂಸು ಹೀಗೆ ಹೋಗಬಾರದು ಎಂದು ಅಂದು ಮನಸ್ಸಿಗೆ ಬರೆದುಕೊಂಡಳು. ಆಗ ಮೌನಿಕಾಗೆ ಮೂರು ವರ್ಷ. ಶಿರೀಷಾಳ ಹಳೇ ಬಳೆಗಳನ್ನು ಹಾಕಿಕೊಂಡು ಅಂಗಳದಲ್ಲಿ ಆಡುತ್ತಿದ್ದಳು.

ತೊಟ್ಟಿ ಬರಿದು ಮಾಡಿ ಒಣಗಿಸಲು ಸರ್ಕಾರ ಗೊತ್ತು ಮಾಡಿದ ದಿನ ಶುಕ್ರವಾರ. ಮೇಲೆ ಕೂತವರಿಗೆ ಫ್ರೈಡೇ, ಡ್ರೈ ಡೇ ಎಂದು ಪ್ರಾಸ ಕೂಡಿದ್ದೇ ಸಾಕಾಯಿತು. ಶುಕ್ರವಾರ ಲಕ್ಷ್ಮಿಯ ದಿನ. ಆ ದಿನ ಮನೆಯ ಕೊಡ ಬರಿದಾಗಿ ಇರಬಾರದು, ಬೋರಲು ಹಾಕುವುದಂತೂ ಕೂಡದು. ಮನೆಯಲ್ಲಿ ಹೆಣ ಬಿದ್ದಾಗ ಕೊಡ ಬೋರಲು ಹಾಕುತ್ತಾರೆ. ಇದನ್ನು ಅಧಿಕಾರಿಗಳಿಗೆ ಹೇಳಿ ಹೇಳಿ ಬಾಯಿ ಒಣಗಿದ ಮೇಲೆ ಹುಸೇನಮ್ಮ ತನ್ನದೇ ದಾರಿ ಹುಡುಕಿದಳು. ಗುರುವಾರ ಬೀದಿ ಸುತ್ತಿ ತೊಟ್ಟಿ ತಿಕ್ಕಿಸುವಳು; ಶುಕ್ರವಾರ ಬೆಳಿಗ್ಗೆ ತನ್ನ ಮನೆಯ ಕೊಡವೊಂದನ್ನು ಬೋರಲು ಹಾಕಿ ಫೋಟೋ ಕಳಿಸುವಳು. ಕೆಲಸಕ್ಕೆ ಕೆಲಸವೂ ಆಯಿತು, ಫೋಟೋಕ್ಕೆ ಫೋಟೋವೂ ಆಯಿತು.

ಲಾಲಪ್ಪ ಕುರಿ ಹಿಂಡು ಬಿಡುವ ಹೊತ್ತಿಗೆ ಇದನ್ನು ನೋಡಿ ನಗುತ್ತಿದ್ದ.

“ವಾರವಾರ ನನ್ನ ಸಾಯಿಸ್ತಿಯಲ್ಲ,” ಅನ್ನುವನು. “ಒಂದು ವಾರ ಆದ್ರೂ ಬಿಡು.”

ಅವಳೂ ನಗುವಳು. ಅವನ ಅಕ್ಕ ಮಾರೆಮ್ಮ ಮಾತ್ರ ನಗುತ್ತಿರಲಿಲ್ಲ. ಗಂಡ ಸತ್ತ ಮೇಲೆ ತಮ್ಮನ ಮನೆಯ ಎದುರಿನ ಕೋಣೆಯಲ್ಲೇ ಇದ್ದ ಮುದುಕಿ, ಬೋರಲು ಬಿದ್ದ ಕೊಡ ಕಂಡರೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋಗುತ್ತಿದ್ದಳು.

ಕಳೆದ ವರ್ಷ ಆಷಾಢದಲ್ಲಿ ಒಂದು ಭಾನುವಾರ ಬೆಳಿಗ್ಗೆ ಲಾಲಪ್ಪ ನಡುಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಅವನನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಆ ಮನೆತನದಲ್ಲಿ ಉಸಿರು ಹೋದ ಜಾಗದಲ್ಲಿ ದೀಪ ಹಚ್ಚಿ, ಪಕ್ಕದಲ್ಲಿ ಬಾಯಿ ತೆರೆದ ಗಡಿಗೆಯಲ್ಲಿ ನೀರಿಡುತ್ತಾರೆ. ಜೀವ ಹನ್ನೊಂದು ದಿನ ಮನೆಯ ಸುತ್ತಲೇ ಇರುತ್ತದೆ, ಬಾಯಾರಿ ಬಂದರೆ ನೀರು ಇರಬೇಕು. ದಿನಾ ಮೇಲೆ ಇಷ್ಟು ಸುರಿದು ತುಂಬಿಸುವುದುಂಟು. ಗಡಿಗೆಯನ್ನು ಅಲುಗಿಸುವುದಾಗಲಿ ಚೆಲ್ಲುವುದಾಗಲಿ ಇಲ್ಲ. ಹೊಸ ಗಡಿಗೆ ತರುವವರು ಯಾರು ಆ ಗದ್ದಲದಲ್ಲಿ? ಹಿತ್ತಲಿನಲ್ಲಿ ಬಳಸದೆ ಬಿದ್ದಿದ್ದ ಹಳೆಯ ಗಡಿಗೆಯನ್ನು ಮಾರೆಮ್ಮ ತಂದು, ನೀರು ತುಂಬಿ ಇಟ್ಟಳು. ಈ ಸೊಳ್ಳೆಯ ಮೊಟ್ಟೆ ಒಣಗಿದ ಗಡಿಗೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದು, ನೀರು ಮುಟ್ಟಿದ ಕೂಡಲೇ ಏಳುತ್ತದೆ ಎಂದು ಊರಿಗೆಲ್ಲ ಹೇಳುತ್ತಿದ್ದ ಹುಸೇನಮ್ಮ ಆಗ ಗೋಡೆಗೆ ಒರಗಿ ಕೂತಿದ್ದಳು. ಅವಳ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗಡಿಗೆಯ ನೀರು ಎರಡು ಬೆರಳು ಇಳಿದಿತ್ತು. ಕುಡಿದಾನ ನಮ್ಮ ಲಾಲ ಎಂದು ಮಾರೆಮ್ಮ ಅತ್ತಳು. ಆಷಾಢದ ಪಡುವಣ ಗಾಳಿ ಆ ಸೀಮೆಯಲ್ಲಿ ಹಸಿ ಗೋಡೆಯನ್ನೇ ಒಂದು ದಿನದಲ್ಲಿ ಒಣಗಿಸುತ್ತದೆ, ಮಣ್ಣಿನ ಗಡಿಗೆಯ ನೀರು ಯಾವ ಲೆಕ್ಕ? ಇದು ಹುಸೇನಮ್ಮನಿಗೆ ಗೊತ್ತಿಲ್ಲದ್ದಲ್ಲ. ಆದರೂ ಆ ಎರಡು ಬೆರಳನ್ನು ನೋಡಿ ಅವಳ ಎದೆಗೆ ತಂಪಾಯಿತು. ಮೂವತ್ತು ವರ್ಷ ಅವನಿಗೆ ಕುರಿಯ ಹಿಂದಿನಿಂದ ಬಂದ ಕೂಡಲೇ ತಂಬಿಗೆ ನೀರು ಕೊಟ್ಟ ಕೈ ಅದು. ಇನ್ನೂ ಕುಡಿಯುತ್ತಿದ್ದಾನೆ ಎಂದುಕೊಂಡರೆ ತಪ್ಪೇನು?

ಮೌನಿಕಾಗೆ ತಾತನೆಂದರೆ ಜೀವ. ಆರು ವರ್ಷದ ಕೂಸು ದಿನಾ ಎದ್ದ ಕೂಡಲೇ ಗಡಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತಾತ ಎಷ್ಟು ಕುಡಿದಾನ ಎಂದು ನೋಡಿ, ಗಡಿಗೆಯ ಹೊರಮೈಗೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಆಮೇಲೆ ಶಿವಲಕ್ಷ್ಮಿ ಮೇಲೆ ನೀರು ಸುರಿಯುವಳು. ಕೂಸು ಶಾಲೆಗೆ ಹೋಗದೆ ಹಗಲೆಲ್ಲ ಅಲ್ಲೇ ಆಡುತ್ತ, ಅಲ್ಲೇ ಮಲಗುತ್ತಿತ್ತು. ಬ್ಯಾಡ ಅನ್ನಲು ಯಾರಿಗೂ ಮನಸ್ಸು ಬರಲಿಲ್ಲ.

ಆರನೆಯ ದಿನ ಶುಕ್ರವಾರ. ಪೆದ್ದಕಡುಬೂರಿನಿಂದ ಸೂಪರ್‌ವೈಸರಮ್ಮ ಫೋನು ಮಾಡಿ, ದುಃಖದಲ್ಲಿ ಇದ್ದೀರಿ ಗೊತ್ತು, ಆದರೂ “ಫೋಟೋ ಒಕ್ಕಟಿ ಪೆಟ್ಟಂಡಮ್ಮಾ,” ಅಂದಳು. ಫೋಟೋ ಒಂದು ಹಾಕಿದರೆ ಮೇಲಿನವರಿಗೆ ಸಮಾಧಾನ. ಸೂತಕದ ಮನೆಯವಳು ಊರು ಸುತ್ತುವಂತಿಲ್ಲ. ಅಂಗಳಕ್ಕೆ ಬಂದು ಕೊಡ ಬೋರಲು ಹಾಕಿ ನಿಂತಳು, ಶಿವಲಕ್ಷ್ಮಿ ಫೋಟೋ ತೆಗೆದಳು. ಈ ವಾರ ಆ ಕೊಡಕ್ಕೆ ನಿಜವಾದ ಕಾರಣವೂ ಇತ್ತು. ಒಳಗೆ ಬಂದು ದೀಪಕ್ಕೆ ಎಣ್ಣೆ ಹಾಕಲು ಬಗ್ಗಿದಾಗ ಗಡಿಗೆಯೊಳಗೆ ಅವಳ ಕಣ್ಣು ಬಿತ್ತು. ಹುಳಗಳು ತಲೆಕೆಳಗಾಗಿ ನೀರಿನ ಮೇಲ್ಗಡೆ ಜೋತಾಡುತ್ತಿದ್ದವು. ಅವಳ ನೆರಳು ಬಿದ್ದದ್ದೇ ತಡ, ಬಳುಕುತ್ತ ತಳಕ್ಕೆ ಇಳಿದವು.

ಅವಳ ಕೈ ತಾನಾಗಿ ಗಡಿಗೆಯ ಕಂಠಕ್ಕೆ ಹೋಯಿತು. ಮಾರೆಮ್ಮ ಬಾಗಿಲಲ್ಲಿ ನಿಂತಿದ್ದಳು.

“ವಾರವಾರ ಬೋರಲ ಹಾಕಿ ಹಾಕಿ ಮನಿ ಯಜಮಾನನ್ನ ಕಳಕೊಂಡಿ,” ಅಂದಳು ಮುದುಕಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಬತ್ತಿಹೋಗಿತ್ತು. “ಇದೊಂದು ಗಡಗಿ ಆದ್ರೂ ಬಿಡವ್ವ. ಇದು ಅವನ ನೀರು, ನಿನ್ನ ಡ್ಯೂಟಿ ನೀರಲ್ಲ.”

ಹುಸೇನಮ್ಮ ಕೈ ತೆಗೆದಳು. ಬೇರೆ ದಿನವಾಗಿದ್ದರೆ ಮಾರೆಮ್ಮನಿಗೆ ನಾಲ್ಕು ಮಾತು ಹೇಳಿ ಗಡಿಗೆ ಎತ್ತುತ್ತಿದ್ದಳು. ಅಂದು ವಾರವಾರ ನನ್ನ ಸಾಯಿಸ್ತಿಯಲ್ಲ ಎಂದು ನಗುತ್ತಿದ್ದ ಮುಖ ಕಣ್ಣ ಮುಂದೆ ಬಂತು. ಇನ್ನು ಐದೇ ದಿನ, ಐದು ದಿನದಲ್ಲಿ ಏನು ಮುಳುಗಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದನ್ನೇ ಬೇರೆಯವರು ಹೇಳಿದಾಗ ಅವಳು ಎಂದೂ ಕೇಳಿದವಳಲ್ಲ. ಮೇಲೊಂದು ಬಟ್ಟೆಯನ್ನಾದರೂ ಕಟ್ಟೋಣ ಎಂದು ಯೋಚನೆ ಬಂತು. ಬಾಯಿ ಕಟ್ಟಿದರೆ ಅವನು ಹೇಗೆ ಕುಡಿಯಬೇಕು ಎಂಬ ಇನ್ನೊಂದು ಯೋಚನೆ ಅದರ ಬೆನ್ನಿಗೇ ಬಂತು. ಅವಳು ಎದ್ದು ಅಡುಗೆಮನೆಗೆ ಹೋದಳು.

ಒಂಬತ್ತನೆಯ ದಿನ ಆದೋನಿಯಿಂದ ಲಾಲಪ್ಪನ ತಮ್ಮನ ಮಗ ಉದಯಕುಮಾರ್ ಬಂದ. ಟೌನಿನಲ್ಲಿ ಡೆಂಗಿ ಜ್ವರ ಹಬ್ಬಿತ್ತು, ಅವನಿಗೂ ಮೈ ಕಾದಿತ್ತು. ದೊಡ್ಡಪ್ಪನ ದಿನಕ್ಕೆ ತಪ್ಪಿಸಬಾರದೆಂದು ಮಾತ್ರೆ ನುಂಗಿ ಬಸ್ಸು ಹತ್ತಿದ್ದ. ನಾಲ್ಕು ದಿನ ಅದೇ ನಡುಮನೆಯಲ್ಲಿ ಮುಸುಕೆಳೆದು ಮಲಗಿದ್ದು, ಹುಸೇನಮ್ಮ ಕಾಯಿಸಿ ಕೊಟ್ಟ ಗಂಜಿ ಕುಡಿದು, ಚೇತರಿಸಿಕೊಂಡು ಊರಿಗೆ ಹೋದ. ಅವನಿಗೆ ಸೊಳ್ಳೆಪರದೆ ಕಟ್ಟಿಸಿದ್ದಳು. ಹಗಲು ಕಚ್ಚುವ ಸೊಳ್ಳೆಗೆ ರಾತ್ರಿಯ ಪರದೆ ಏನು ಮಾಡೀತು? ಹನ್ನೊಂದನೆಯ ದಿನ ಗಡಿಗೆಯನ್ನು ಹೊಲಕ್ಕೆ ಒಯ್ದು ಲಾಲಪ್ಪನ ಮಣ್ಣಿನ ಮೇಲೆ ಒಡೆದರು. ಅಷ್ಟರಲ್ಲಿ ನೀರಿನಲ್ಲಿ ಹುಳ ಉಳಿದಿರಲಿಲ್ಲ. ಎಲ್ಲಿ ಹೋದವು ಎಂದು ಹುಸೇನಮ್ಮ ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಂದಿನಿಂದ ಅವಳು ದಿನ ಎಣಿಸತೊಡಗಿದಳು. ಜ್ವರದವನನ್ನು ಕಚ್ಚಿದ ಸೊಳ್ಳೆ ಅದನ್ನು ಇನ್ನೊಬ್ಬರಿಗೆ ದಾಟಿಸಲು ಹತ್ತು ದಿನ, ದಾಟಿದ್ದು ಮೈಯಲ್ಲಿ ಏಳಲು ಇನ್ನೊಂದು ವಾರ. ಸೂತಕ ಕಳೆದ ಮೇಲೆ ಬೀದಿಯ ಒಂದೊಂದೇ ಮನೆಯ ತೊಟ್ಟಿ ತಿಕ್ಕಿಸಿದಳು, ತನ್ನ ನಡುಮನೆಯ ಮೂಲೆ ಮೂಲೆಗೆ ಬೇವಿನ ಹೊಗೆ ಹಾಕಿದಳು, ಕೂಸಿಗೆ ತುಂಬುತೋಳಿನ ಅಂಗಿ ತೊಡಿಸಿದಳು. ಅತ್ತೆಗೆ ಗಂಡ ಹೋದ ಮೇಲೆ ಮರುಳು ಹಿಡಿದಿದೆ ಎಂದು ಶಿವಲಕ್ಷ್ಮಿ ಗಂಡನ ಮುಂದೆ ಮರುಗಿದಳು. ಹನ್ನೊಂದನೆಯ ದಿನ ಮುಗಿದು ಎರಡು ವಾರ ಕಳೆಯಿತು. ಇನ್ನೊಂದು ವಾರ ದಾಟಿದರೆ ಗೆದ್ದೆವು ಎಂದು ಹುಸೇನಮ್ಮ ಅಂದುಕೊಂಡ ದಿನವೇ ಮೌನಿಕಾ ಶಾಲೆಯಿಂದ ಬಂದು ಚೀಲ ಇಳಿಸದೆ ಮಲಗಿದಳು. ಹಣೆ ಮುಟ್ಟಿದರೆ ಸುಡುತ್ತಿತ್ತು.

ಮಾಡಬೇಕಾದ್ದನ್ನು ಅವಳು ಒಂದೂ ಬಿಡಲಿಲ್ಲ. ಮರುದಿನವೇ ರಕ್ತ ಪರೀಕ್ಷೆ ಮಾಡಿಸಿದಳು, ಡೆಂಗಿ ಎಂದು ಬಂತು. ಗಂಜಿ, ನೀರು, ಮಾತ್ರೆ ಎಲ್ಲ ತಾಸಿಗೆ ಸರಿಯಾಗಿ ಕೊಟ್ಟಳು. ನಾಲ್ಕನೆಯ ದಿನ ಬೆಳಿಗ್ಗೆ ಜ್ವರ ಇಳಿಯಿತು. ಶಿವಲಕ್ಷ್ಮಿ ದೇವರಿಗೆ ಕೈ ಮುಗಿದು ನಕ್ಕಳು. ಹುಸೇನಮ್ಮ ಕೂಸಿನ ಪಾದ ಹಿಡಿದು ನೋಡಿದಳು, ತಣ್ಣಗಿತ್ತು. ಜ್ವರ ಬಿಟ್ಟ ಮೇಲಿನ ಹೊತ್ತೇ ಕೆಟ್ಟದ್ದು ಎಂದು ನೂರು ಮನೆಯಲ್ಲಿ ಹೇಳಿದವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅರ್ಧ ತಾಸಿನಲ್ಲಿ ಆದೋನಿಯ ದಾರಿ ಹಿಡಿದರು. ಅಲ್ಲಿಯ ಡಾಕ್ಟರು ನೋಡಿದವರೇ ಸಲೈನು ಹಚ್ಚಿ, ತಡ ಮಾಡಬೇಡಿ ಎಂದು ಆಂಬುಲೆನ್ಸಿನಲ್ಲಿ ಕರ್ನೂಲಿಗೆ ಕಳಿಸಿದರು.

ಆದೋನಿಯಿಂದ ಕರ್ನೂಲು ಹತ್ತಿರದ ಮಾತಲ್ಲ. ಎಮ್ಮಿಗನೂರು ದಾಟಿದ ಮೇಲೆ ಕೂಸು ನೀರು ಕೇಳತೊಡಗಿತು. ಕೊಟ್ಟದ್ದನ್ನು ವಾಂತಿ ಮಾಡಿ ಮತ್ತೆ ಕೇಳುತ್ತಿತ್ತು. ಹುಸೇನಮ್ಮ ಬೆರಳು ಅದ್ದಿ ತುಟಿ ಒದ್ದೆ ಮಾಡುತ್ತ ಕೂತಳು.

“ಅಬ್ಬೇ, ತಾತಗ ಗಡಗಿ ತುಂಬ ಇಟ್ಟಿದ್ರಿ,” ಅಂದಿತು ಕೂಸು ಅಜ್ಜಿಯ ಮುಖ ನೋಡಿ. “ನನಗ ಯಾಕ ಇಷ್ಟೇ ಕೊಡ್ತಿ?”

ಮೌನಿಕಾ ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋದಳು. ಅಲ್ಲಿಯವರು ಕೈಲಾದದ್ದನ್ನೆಲ್ಲ ಮಾಡಿದ್ದರು. ಇದೇ ಗಡಿಗೆಯ ಸೊಳ್ಳೆ ಎಂದು ಯಾವ ಡಾಕ್ಟರೂ ಬರೆದುಕೊಡಲಾರ. ಆದರೆ ಆ ತಿಂಗಳು ಆ ಬೀದಿಯಲ್ಲಿ ಇನ್ನೊಬ್ಬರಿಗೆ ಆ ಜ್ವರ ಬಂದಿರಲಿಲ್ಲ. ಊರವರು ಬಂದು, ಊರ ಮಕ್ಕಳನ್ನೆಲ್ಲ ಕಾಯ್ದವಳಿಗೆ ದೇವರು ಹೀಗೆ ಮಾಡಬಾರದಿತ್ತು ಎಂದು ಅತ್ತರು. ಯರ್ರೆಪ್ಪನೂ ಬಂದು ಒಂದು ಮೂಲೆಯಲ್ಲಿ ಕೂತು ಹೋದ. ನಾನು ನೋಡಿದ್ದೆ, ಹುಳ ಇದ್ದವು ಎಂದು ಅವನಿಗಾದರೂ ಹೇಳಿಬಿಡಬೇಕೆಂದು ಹುಸೇನಮ್ಮನಿಗೆ ಅನಿಸಿತು. ಹೇಳಲಿಲ್ಲ. ಅವಳ ಜೀವನದಲ್ಲಿ ಅವಳು ಬಚ್ಚಿಟ್ಟ ಒಂದೇ ಮಾತು ಅದು.

ಉಸಿರು ಹೋದದ್ದು ಕರ್ನೂಲಿನಲ್ಲಾದರೂ, ಕೂಸು ಮಲಗುತ್ತಿದ್ದ ಜಾಗದಲ್ಲಿ ಮಾರೆಮ್ಮ ದೀಪ ಹಚ್ಚಿದಳು. ಗಡಿಗೆ ತುಂಬಿ ತಂದು ಇಟ್ಟವಳು ಶಿವಲಕ್ಷ್ಮಿ. ಇದ್ದಿಲು ಹುಡುಕಿ ತಂದು, ನೀರಿನ ಮಟ್ಟಕ್ಕೆ ಸರಿಯಾಗಿ ಹೊರಗೆ ಒಂದು ಗೆರೆಯನ್ನೂ ಎಳೆದಳು. ಮರುದಿನ ಬೆಳಿಗ್ಗೆ ನೀರು ಎರಡು ಬೆರಳು ಇಳಿದಿತ್ತು. ಶಿವಲಕ್ಷ್ಮಿ ಆ ಗೆರೆಯನ್ನು ಸವರುತ್ತ ಕೂತಿದ್ದಾಗ ಹುಸೇನಮ್ಮ ನಾರಿನ ಉಂಡೆ ಹಿಡಿದು ಬಂದಳು. ಸೊಸೆ ಗಡಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.

“ಚೆಲ್ಲಬ್ಯಾಡ್ರಿ ಅತ್ತಿ,” ಅಂದಳು. “ನೀರು ನೀರು ಅಂತ ಹೋಗ್ಯಾಳ. ನೋಡ್ರಿ, ಕುಡಿದಾಳ.”

ಅದು ಗಾಳಿ ಕುಡಿದ ನೀರು ಎಂದು ಹುಸೇನಮ್ಮ ಹೇಳಲಿಲ್ಲ. ಸೊಸೆಯ ಎದುರಿಗೆ ಕೂತಳು.

“ಚೆಲ್ಲಾಕ ಬಂದಿಲ್ಲವ್ವ. ಕೂಸಿಗೆ ನಿನ್ನಿ ನೀರು ಯಾಕ ಕುಡಿಸ್ಬೇಕು? ದಿನಾ ತಿಕ್ಕಿ, ಹೊಸ ನೀರು ಇಡಾಣ.”

ಶಿವಲಕ್ಷ್ಮಿ ಅತ್ತೆಯ ಮುಖ ನೋಡಿ ಕೈ ಸಡಿಲಿಸಿದಳು. ಹುಸೇನಮ್ಮ ಹಳೆಯ ನೀರನ್ನು ಅಂಗಳದ ಬೇವಿನ ಬುಡಕ್ಕೆ ಹೊಯ್ದಳು. ಗಡಿಗೆಯ ಒಳಮೈಯನ್ನು ನಾರಿನಿಂದ ಸುತ್ತಲೂ ತಿಕ್ಕಿದಳು, ಹೊರಗಿನ ಇದ್ದಿಲ ಗೆರೆಗೆ ಕೈ ತಾಗದಂತೆ ನೋಡಿಕೊಂಡಳು. ತೊಳೆದು, ಗೆರೆಯ ತನಕ ನೀರು ತುಂಬಿ, ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

ಬಾಗಿಲಲ್ಲಿ ಕೂತು ಮಾರೆಮ್ಮ ಎಲ್ಲವನ್ನೂ ನೋಡುತ್ತಿದ್ದಳು. ತಡೆಯುತ್ತಾಳೆಂದು ಹುಸೇನಮ್ಮ ಕಾಯ್ದಳು. ಮುದುಕಿ ತಡೆಯಲಿಲ್ಲ, ತಲೆಯಾಡಿಸಿದಳು.

“ಹಿಂಗ ಮಾಡೋದು ಚಲೋ ಐತಿ,” ಅಂದಳು. “ಲಾಲಗೂ ಹಿಂಗ ದಿನಾ ಹೊಸ ನೀರು ಇಡಾಣ ಅಂದಿದ್ರ, ನಾ ಬ್ಯಾಡ ಅಂತಿದ್ನೇನು?”

ಹುಸೇನಮ್ಮ ಅಂಗಳಕ್ಕೆ ಇಳಿದಳು. ನಾರಿನ ಉಂಡೆಯನ್ನು ಹಿಂಡಿ ಬಿಸಿಲಿಗೆ ಒಣಹಾಕಿದಳು. ನಲ್ಲಿಯ ಸರದಿಗೆ ಇನ್ನೂ ಆರು ದಿನವಿತ್ತು. ತೊಟ್ಟಿಯಲ್ಲಿದ್ದ ನೀರಿನಲ್ಲಿ ದಿನಕ್ಕೊಂದು ಗಡಿಗೆಯಂತೆ ಕೂಸಿಗೆಂದು ಬೇರೆ ಎತ್ತಿಟ್ಟು, ಉಳಿದದ್ದರಲ್ಲಿ ಮನೆಯವರೆಲ್ಲ ಸುಧಾರಿಸಿದರು. ಹನ್ನೊಂದನೆಯ ದಿನದ ತನಕ ದಿನಾ ಬೆಳಿಗ್ಗೆ ಅವಳೇ ತಿಕ್ಕಿ ತುಂಬಿ ಇಟ್ಟಳು.